ಅಲ್ಟ್ರಾಸೌಂಡ್ ಕೊಡುವಾಗ ಹಚ್ಚೋ ಔಷಧಿ ಯಾವುದು ಅಂತ ಪೇಷಂಟ್‌ಗೂ ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಸೂಜಿ ಚುಚ್ಚದೇನೇ ಶಬ್ದದ ಅಲೆಯಿಂದ ಚರ್ಮದ ಮೂಲಕ ಔಷಧಿ ಒಳಗೆ ಕಳಿಸ್ತಾರಂತೆ, ಇನ್ನು ಇನ್ಸುಲಿನ್ ಇಂಜೆಕ್ಷನ್ನೇ ಬೇಡವಂತೆ ಅನ್ನೋ ಥರದ ಸುದ್ದಿ ಪೇಪರ್‌ಗಳಲ್ಲಿ ಆಗಾಗ ಬರ್ತಾನೇ ಇರುತ್ತೆ, ಆಮೇಲೆ ಅದರ ಫೋಟೋ ವಾಟ್ಸಾಪ್‌ನಲ್ಲಿ ತಾರೀಕಿಲ್ಲದೆ ವರ್ಷಗಟ್ಟಲೆ ಓಡಾಡುತ್ತೆ. ನಾನು ದಾವಣಗೆರೆ ಕಡೆ ಫಿಸಿಯೋಥೆರಪಿ ಮಾಡೋನು. ಅಲ್ಟ್ರಾಸೌಂಡ್ ಮಷಿನ್ ನಮ್ಮ ದಿನನಿತ್ಯದ ಕೆಲಸದ ಸಾಮಾನು, ಹಾಗಾಗಿ ಈ ಸುದ್ದಿ ಓದಿದವರು ಮೊದಲು ಬಂದು ಕೇಳೋದು ನಮ್ಮಂಥವರನ್ನೇ. ಅವರಿಗೆಲ್ಲ ಒಬ್ಬೊಬ್ಬರಿಗೇ ಹೇಳೋದನ್ನ ಒಂದ್ಸಲ ಪೇಪರ್‌ನಲ್ಲಿ ಹೇಳಿದ್ರೆ ಹೆಚ್ಚು ಜನಕ್ಕೆ ಮುಟ್ಟುತ್ತೆ ಅಂತ ಬರೀತಿದ್ದೀನಿ. ಪತ್ರ ಉದ್ದ ಇದೆ, ದಯವಿಟ್ಟು ಪೂರ್ತಿ ಹಾಕಿ, ಅರ್ಧ ಹಾಕಿದ್ರೆ ಅರ್ಥ ತಪ್ಪಾಗೋ ವಿಷಯ ಇದು.

ಹೇಳಬೇಕಾಗಿರೋದು ಇಷ್ಟೇ. ನಮ್ಮ ಕ್ಲಿನಿಕ್‌ಗಳಲ್ಲಿ ಮಂಡಿಗೆ, ಭುಜಕ್ಕೆ, ಹಿಮ್ಮಡಿಗೆ ಅಲ್ಟ್ರಾಸೌಂಡ್ ಕೊಡುವಾಗ ಔಷಧಿ ಸೇರಿಸಿ ಕೊಡೋ ಪದ್ಧತಿ ನಿಜವಾಗ್ಲೂ ಇದೆ, ಅದಕ್ಕೆ ಎಪ್ಪತ್ತು ವರ್ಷದ ಇತಿಹಾಸಾನೂ ಇದೆ, ಆದ್ರೆ ಪೇಪರ್‌ನಲ್ಲಿ ಬರೋ ಇನ್ಸುಲಿನ್ ಸುದ್ದಿಯ ಅಲ್ಟ್ರಾಸೌಂಡೇ ಬೇರೆ, ಕ್ಲಿನಿಕ್ಕಿನ ಅಲ್ಟ್ರಾಸೌಂಡೇ ಬೇರೆ. ಎರಡನ್ನೂ ಒಂದೇ ಅಂದ್ಕೊಂಡು ಜನ ಇನ್ಸುಲಿನ್ ಬಿಡೋ ಯೋಚನೆ ಮಾಡ್ತಾರೆ, ಅದು ಒಂದು ಕಡೆಯ ಅಪಾಯ. ಇನ್ನೊಂದು ಕಡೆ ನಮ್ಮ ಕ್ಷೇತ್ರದಲ್ಲೇ ಯಾವ ಔಷಧಿ ಹಚ್ಚಿದ್ವಿ, ಅದರ ಮೂಲಕ ತರಂಗ ಹೋಗುತ್ತೋ ಇಲ್ಲವೋ ಅಂತ ನೋಡದೇನೇ ಅಭ್ಯಾಸಬಲದ ಮೇಲೆ ತಿಕ್ಕಿ ಕಳಿಸೋದು ನಡೀತಿದೆ. ಈ ಎರಡನೇದರ ಬಗ್ಗೆ ನನಗೆ ಹೆಚ್ಚು ಸಂಕಟ, ಯಾಕಂದ್ರೆ ಇದು ನಮ್ಮ ಕೈಯಲ್ಲೇ ಸರಿಮಾಡೋಕೆ ಆಗೋ ವಿಷಯ.

ಮೊದಲು ಚರ್ಮದ ವಿಚಾರ. ಔಷಧಿ ಒಳಗೆ ಹೋಗದ ಹಾಗೆ ತಡೆಯೋದು ಇಡೀ ಚರ್ಮ ಅಲ್ಲ, ಅದರ ಮೇಲ್ಮೇಲಿನ ಒಂದೇ ಒಂದು ಪದರ, ದಪ್ಪ ಹೆಚ್ಚುಕಡಿಮೆ 10ರಿಂದ 20 ಮೈಕ್ರೋಮೀಟರ್, ಅಂದ್ರೆ ಒಂದು ಮಿಲಿಮೀಟರನ್ನ ನೂರು ಭಾಗ ಮಾಡಿದ್ರೆ ಅದರಲ್ಲಿ ಒಂದೆರಡು ಭಾಗ ಅಷ್ಟೇ. ಸತ್ತ ಚಪ್ಪಟೆ ಜೀವಕೋಶಗಳು ಇಟ್ಟಿಗೆ ಥರ ಜೋಡಿಸಿರ್ತವೆ, ಮಧ್ಯೆ ಕೊಬ್ಬಿನಂಶ ಗಾರೆ ಥರ ತುಂಬಿರುತ್ತೆ, ಪಾಠದ ಪುಸ್ತಕಗಳಲ್ಲೂ ಹಿಂಗೇ ಹೇಳ್ಕೊಡ್ತಾರೆ. ಈ ಗಾರೆ ಸಂದಿಯಲ್ಲಿ ನುಸುಳೋಕೆ ಔಷಧಿಯ ಅಣು ಚಿಕ್ಕದಾಗಿರಬೇಕು. ಅಣುವಿನ ತೂಕ ಅಳೆಯೋ ಮಾನ ಡಾಲ್ಟನ್, 500 ಡಾಲ್ಟನ್‌ಗಿಂತ ಕಮ್ಮಿ ಇರೋ ಅಣು ಮಾತ್ರ ಸಲೀಸಾಗಿ ಹೋಗುತ್ತೆ ಅಂತ ಒಂದು ಲೆಕ್ಕ ಇದೆ. ನಿಕೋಟಿನ್ ಸುಮಾರು 162, ಮರಗಟ್ಟಿಸೋ ಲಿಡೋಕೇನ್ 234, ನೋವಿನ ಡೈಕ್ಲೋಫೆನಾಕ್ 300ರ ಹತ್ತಿರ, ಊತ ಇಳಿಸೋ ಸ್ಟೀರಾಯ್ಡ್ ಹೈಡ್ರೋಕಾರ್ಟಿಸೋನ್ 362. ಇವೆಲ್ಲ ಸ್ವಲ್ಪ ಸ್ವಲ್ಪ ತಾವಾಗೇ ಹೋಗ್ತವೆ, ಅದಕ್ಕೇ ಬೀಡಿ ಸಿಗರೇಟ್ ಬಿಡಿಸೋಕೆ ನಿಕೋಟಿನ್ ಪ್ಯಾಚ್ ಬಂತು, ಪ್ರಯಾಣದಲ್ಲಿ ವಾಂತಿ ಆಗದ ಹಾಗೆ ಕಿವಿ ಹಿಂದೆ ಅಂಟಿಸೋ ಪ್ಯಾಚ್ 1979ರಲ್ಲೇ ಅಮೆರಿಕದಲ್ಲಿ ಬಂತು. ಇನ್ಸುಲಿನ್ ಎಷ್ಟು ಅಂದ್ರೆ ಸುಮಾರು 5,800. ಇಷ್ಟು ದೊಡ್ಡ ಅಣುವನ್ನ ಚರ್ಮದ ಮೇಲೆ ದಿನವಿಡೀ ತಿಕ್ಕಿದ್ರೂ ಉಪಯೋಗಕ್ಕೆ ಬರೋ ಅಷ್ಟು ಒಳಗೆ ಹೋಗಲ್ಲ. ಅದಕ್ಕೇ 1921ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದಾಗಿಂದ ಇವತ್ತಿನವರೆಗೂ ಕೋಟಿಗಟ್ಟಲೆ ಜನ ಚುಚ್ಚಿಕೊಂಡೇ ಬದುಕ್ತಿದ್ದಾರೆ.

ಈಗ ಅಲ್ಟ್ರಾಸೌಂಡ್. ಮನುಷ್ಯನ ಕಿವಿಗೆ ಕೇಳೋ ಶಬ್ದ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ, ಅದರ ಮೇಲೆ ಹೋದ್ರೆ ಅಲ್ಟ್ರಾಸೌಂಡ್. ನಮ್ಮ ಕ್ಲಿನಿಕ್ಕಿನ ಮಷಿನ್ 1 ಮೆಗಾಹರ್ಟ್ಸ್ ಅಥವಾ 3 ಮೆಗಾಹರ್ಟ್ಸ್‌ನಲ್ಲಿ ಓಡುತ್ತೆ, ಅಂದ್ರೆ ಸೆಕೆಂಡಿಗೆ ಹತ್ತು ಲಕ್ಷ ಅಥವಾ ಮೂವತ್ತು ಲಕ್ಷ ಕಂಪನ. 1 ಇಟ್ರೆ ಆಳಕ್ಕೆ ಹೋಗುತ್ತೆ, ಸೊಂಟ, ತೊಡೆಯಂಥ ದಪ್ಪ ಜಾಗಕ್ಕೆ, 3 ಇಟ್ರೆ ಮೇಲ್ಮೇಲೇ ಮುಗಿಯುತ್ತೆ, ಮೊಣಕೈ, ಮಣಿಕಟ್ಟಿನಂಥ ಜಾಗಕ್ಕೆ. ಇದರಲ್ಲಿ ಚಿತ್ರ ಬರಲ್ಲ, ಬಸುರಿಯರಿಗೆ ಮಾಡೋ ಸ್ಕ್ಯಾನಿಂಗ್ ಮಷಿನ್ ಇದಲ್ಲ, ಈ ಡೌಟ್ ಹಳ್ಳಿಯಿಂದ ಬರೋ ಹೆಣ್ಮಕ್ಕಳು ತುಂಬಾ ಜನ ಕೇಳ್ತಾರೆ, ಕೇಳೋದು ಒಳ್ಳೇದೇ. ಜನ ಇದನ್ನ ಕರೆಂಟ್ ಕೊಡ್ತಾರೆ ಅಂತಾರೆ, ಅದೂ ಅಲ್ಲ, ಕರೆಂಟ್ ಹೋಗೋದು ಹೆಡ್, ಅಂದ್ರೆ ನಾವು ಕೈಯಲ್ಲಿ ಹಿಡಿದು ಚರ್ಮದ ಮೇಲೆ ಆಡಿಸೋ ಭಾಗದ ಒಳಗಿರೋ ಹರಳಿಗೆ, ಆ ಹರಳು ಅದುರುತ್ತೆ, ಆ ಅದುರು ಮಾತ್ರ ಮೈಯೊಳಗೆ ಹೋಗೋದು.

ಈ ಅದುರಿನ ಜೊತೆ ಔಷಧಿ ಸೇರಿಸಿದ ಮೊದಲ ವರದಿ 1954ರದ್ದು, ಫೆಲ್ಲಿಂಗರ್ ಮತ್ತು ಶ್ಮಿಡ್ ಅನ್ನೋರು ಕೈಬೆರಳಿನ ಗಂಟು ಊದಿಕೊಂಡಿರೋ ಸಂಧಿವಾತದವರಿಗೆ ಹೈಡ್ರೋಕಾರ್ಟಿಸೋನ್ ಮುಲಾಮು ಹಚ್ಚಿ ಅದರ ಮೇಲೆ ಅಲ್ಟ್ರಾಸೌಂಡ್ ಕೊಟ್ರು, ಗುಣ ಕಾಣ್ತು ಅಂತ ಬರೆದ್ರು. ಅಲ್ಲಿಂದ ಇದು ಫೋನೋಫೋರೆಸಿಸ್ ಅನ್ನೋ ಹೆಸರಲ್ಲಿ ಫಿಸಿಯೋಥೆರಪಿ ಕೋರ್ಸಿನ ಪಾಠ ಆಯ್ತು. ನಮ್ಮಲ್ಲಿ ಈಗ ಸಾಮಾನ್ಯವಾಗಿ ಹಚ್ಚೋದು ಡೈಕ್ಲೋಫೆನಾಕ್ ಜೆಲ್, ಕೆಲವರು ಸ್ಟೀರಾಯ್ಡ್ ಮುಲಾಮು ಹಚ್ತಾರೆ.

ಇಲ್ಲೇ ನನ್ನ ತಕರಾರು ಶುರು ಆಗೋದು. ಅಲ್ಟ್ರಾಸೌಂಡ್‌ಗೆ ಗಾಳಿ ಅಂದ್ರೆ ಆಗಲ್ಲ. ಹೆಡ್‌ಗೂ ಚರ್ಮಕ್ಕೂ ಮಧ್ಯೆ ಕೂದಲೆಳೆಯಷ್ಟು ಗಾಳಿ ಇದ್ರೂ ತರಂಗ ಹೆಚ್ಚುಕಡಿಮೆ ಪೂರ್ತಿ ವಾಪಸ್ ಬರುತ್ತೆ, ಅದಕ್ಕೇ ಜೆಲ್ ಹಚ್ಚೋದು. ಈಗ ಆ ಜೆಲ್ ಬದಲು ದಪ್ಪನೆ ಬಿಳಿ ಕ್ರೀಮ್ ಹಚ್ಚಿದ್ರೆ, ಅದರೊಳಗೆ ಕಣ್ಣಿಗೆ ಕಾಣದ ಗಾಳಿಗುಳ್ಳೆ ಸಿಕ್ಕಿಹಾಕ್ಕೊಂಡಿರ್ತವೆ, ತರಂಗ ಅಲ್ಲೇ ನಿಂತುಬಿಡುತ್ತೆ. 1992ರಲ್ಲಿ ಅಮೆರಿಕದಲ್ಲಿ ಕ್ಯಾಮರೂನ್, ಮನ್ರೋ ಅನ್ನೋ ಇಬ್ಬರು ಕ್ಲಿನಿಕ್‌ಗಳಲ್ಲಿ ಬಳಸೋ ಜೆಲ್ಲು, ಕ್ರೀಮು, ಮುಲಾಮುಗಳನ್ನ ಒಂದೊಂದಾಗಿ ಇಟ್ಟು ಯಾವುದರಲ್ಲಿ ತರಂಗ ಎಷ್ಟು ಹಾಯುತ್ತೆ ಅಂತ ಅಳೆದು ನೋಡಿದ್ರು. ತಿಳಿ ಜೆಲ್‌ಗಳಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಹಾಯ್ತು, ಹೈಡ್ರೋಕಾರ್ಟಿಸೋನ್ ಬೆರೆಸಿದ ದಪ್ಪ ಕ್ರೀಮ್‌ಗಳಲ್ಲಿ ಏನೇನೂ ಹಾಯಲಿಲ್ಲ. ಯೋಚನೆ ಮಾಡಿ, ಹತ್ತಾರು ವರ್ಷ ಲಕ್ಷಾಂತರ ಜನಕ್ಕೆ ಈ ಕ್ರೀಮ್ ಹಚ್ಚಿ ಮೇಲೆ ಹೆಡ್ ತಿರುಗಿಸಿದ್ದಾರೆ, ಅದರಲ್ಲಿ ಔಷಧಿಯನ್ನ ಒಳಗೆ ತಳ್ಳೋ ತರಂಗ ಚರ್ಮಕ್ಕೇ ಮುಟ್ಟಿಲ್ಲ. ಪೇಷಂಟ್‌ಗೆ ಸಿಕ್ಕಿದ್ದು ಮಾಲೀಶು ಮಾತ್ರ.

ಇದು ಗೊತ್ತಾಗಿ ಮೂವತ್ತು ವರ್ಷ ದಾಟಿದೆ. ಆದ್ರೂ ಇವತ್ತಿಗೂ ಎಷ್ಟೋ ಕಡೆ ಪೇಷಂಟೇ ಮನೆಯಿಂದ ತಂದ ನೋವಿನ ಟ್ಯೂಬ್ ತೊಗೊಂಡು, ಅದೇನು ಎತ್ತ ನೋಡದೆ ಹಚ್ಚಿ ಐದು ನಿಮಿಷ ತಿಕ್ಕಿ ಮುಂದಿನವರನ್ನ ಕರೀತಾರೆ. ಅದರಲ್ಲಿ ಮೆಂಥಾಲ್ ಇದ್ಯಾ, ಮೆಣಸಿನಕಾಯಿ ಸತ್ವ ಇದ್ಯಾ, ಬರೀ ಡೈಕ್ಲೋಫೆನಾಕ್ಕಾ, ಈ ಪೇಷಂಟ್‌ಗೆ ಆ ಗುಳಿಗೆ ನುಂಗಿದಾಗ ಮೈಯೆಲ್ಲ ದದ್ದು ಎದ್ದಿತ್ತಾ, ಕಿಡ್ನಿ ತೊಂದರೆ ಇದ್ಯಾ, ಯಾವುದೂ ಕೇಳಲ್ಲ. ನಾನು ನೋಡಿದ ಒಬ್ಬರು ಹೆಣ್ಣುಮಗಳು, ಭುಜ ಹಿಡ್ಕೊಂಡು ಬೇರೆ ಕಡೆ ಟ್ರೀಟ್‌ಮೆಂಟ್ ತೊಗೊಂಡು ನಮ್ಮಲ್ಲಿಗೆ ಬಂದವರು, ಭುಜದ ಮೇಲೆ ಕೆಂಪಗೆ ಅಂಗೈಯಗಲ ಸುಟ್ಟ ಹಾಗೆ ಆಗಿತ್ತು. ಏನು ಹಚ್ಚಿದ್ರಮ್ಮಾ ಅಂದ್ರೆ ಅದೇ ಸಾರ್ ಬಿಳೇದು ಅಂದ್ರು, ಚೀಟಿ ತೋರ್ಸಿ ಅಂದ್ರೆ ಚೀಟಿಯಲ್ಲಿ ಅಲ್ಟ್ರಾಸೌಂಡ್ ಅನ್ನೋದಕ್ಕೆ ಯೂಎಸ್ ಅಂತ ಎರಡಕ್ಷರ ಬರೆದಿತ್ತು ಅಷ್ಟೇ. ಔಷಧಿಗೆ ಅಲರ್ಜಿ ಆಯ್ತೋ, ಹೆಡ್ಡನ್ನ ಒಂದೇ ಕಡೆ ನಿಲ್ಲಿಸಿ ಬಿಸಿ ಆಯ್ತೋ ಅಂತ ಹೆಂಗೆ ಪತ್ತೆ ಮಾಡೋದು? ಅವರಿಗೆ ಮುಂದೆ ಯಾವ ಔಷಧಿ ಕೊಡಬಾರದು ಅಂತ ಯಾರು ಹೇಳಬೇಕು? ಗುಳಿಗೆ ಕೊಟ್ರೆ ಹೆಸರು ಬರೀತೀವಿ, ಇಂಜೆಕ್ಷನ್ ಕೊಟ್ರೆ ಹೆಸರು ಬರೀತೀವಿ, ಚರ್ಮದ ಮೂಲಕ ಕೊಡೋ ಔಷಧಿಗೆ ಮಾತ್ರ ಯಾಕೆ ಹೆಸರಿಲ್ಲ?

ಹಾಗಾಗಿ ನನ್ನ ಸಹೋದ್ಯೋಗಿಗಳಲ್ಲಿ ಕೈಮುಗಿದು ಕೇಳ್ಕೊಳ್ಳೋದು, ಅಲ್ಟ್ರಾಸೌಂಡ್ ಜೊತೆ ಔಷಧಿ ಹಚ್ಚಿದ್ರೆ ಪೇಷಂಟ್ ಚೀಟಿಯಲ್ಲಿ ಒಂದು ಸಾಲು ಬರೀರಿ. ಯಾವ ಔಷಧಿ, ಎಷ್ಟು ಪರ್ಸೆಂಟ್, 1 ಇಟ್ರೋ 3 ಇಟ್ರೋ, ಬಿಟ್ಟು ಬಿಟ್ಟು ಕೊಟ್ರೋ ಒಂದೇ ಸಮ ಕೊಟ್ರೋ, ಚದರ ಸೆಂಟಿಮೀಟರಿಗೆ ಎಷ್ಟು ವಾಟ್, ಎಷ್ಟು ನಿಮಿಷ. ಒಂದು ನಿಮಿಷದ ಕೆಲಸ. ಮುಲಾಮಿನಲ್ಲಿ ತರಂಗ ಹಾಯುತ್ತೋ ಇಲ್ಲವೋ ಅನ್ನೋ ಅನುಮಾನ ಇದ್ರೆ ಔಷಧಿಯನ್ನ ಮೊದಲು ತೆಳ್ಳಗೆ ಹಚ್ಚಿ ಚರ್ಮಕ್ಕೆ ಇಂಗೋವರೆಗೂ ತಿಕ್ಕಿ, ಉಳಿದಿದ್ದನ್ನ ಒರೆಸಿ, ಮೇಲೆ ಮಾಮೂಲಿ ಅಲ್ಟ್ರಾಸೌಂಡ್ ಜೆಲ್ ಹಾಕಿ ಕೊಡಿ, ಎಷ್ಟೋ ಜನ ಹಿರಿಯರು ಹಾಗೇ ಮಾಡ್ತಾರೆ.

ಇನ್ನು ಮಷಿನ್ ವಿಷಯ. ಡಿಸ್‌ಪ್ಲೇನಲ್ಲಿ 1 ವಾಟ್ ಅಂತ ತೋರ್ಸಿದ್ರೆ ಹೆಡ್‌ನಿಂದ 1 ವಾಟೇ ಬರ್ತಿದೆ ಅಂತ ಗ್ಯಾರಂಟಿ ಇಲ್ಲ. ಹೆಡ್ ಒಂದ್ಸಲ ಕೈಜಾರಿ ನೆಲಕ್ಕೆ ಬಿದ್ರೆ ಒಳಗಿನ ಹರಳು ಬಿರುಕು ಬಿಡಬಹುದು, ಮೇಲೆ ನೋಡೋಕೆ ಏನೂ ಆಗಿರಲ್ಲ. ಬೇರೆ ಬೇರೆ ದೇಶಗಳಲ್ಲಿ ಕ್ಲಿನಿಕ್ ಮಷಿನ್‌ಗಳನ್ನ ಅಳೆದು ನೋಡಿದಾಗೆಲ್ಲ ಎಷ್ಟೋ ಮಷಿನ್‌ಗಳು ತೋರ್ಸೋದಕ್ಕೂ ಕೊಡೋದಕ್ಕೂ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ವ್ಯತ್ಯಾಸ ಸಿಕ್ಕಿದೆ, ಕಮ್ಮಿ ಕೊಡೋವೂ ಇವೆ, ಜಾಸ್ತಿ ಕೊಡೋವೂ ಇವೆ. ಹೆಡ್ ಮೇಲೆ ನಾಲ್ಕು ಹನಿ ನೀರು ಹಾಕಿ ಆನ್ ಮಾಡಿದ್ರೆ ನೀರು ಕುದಿಯೋ ಥರ ಅಲುಗಾಡುತ್ತೆ, ಅಷ್ಟು ಕಂಡ್ರೆ ಮಷಿನ್ ಬದುಕಿದೆ ಅಂತ ಗೊತ್ತಾಗುತ್ತೆ, ಎಷ್ಟು ಕೊಡ್ತಿದೆ ಅಂತ ಗೊತ್ತಾಗಲ್ಲ. ಅದಕ್ಕೆ ಪವರ್ ಮೀಟರ್ ಬೇಕು, ಒಂದೊಂದು ಸಣ್ಣ ಕ್ಲಿನಿಕ್ ಅದನ್ನ ಕೊಳ್ಳೋಕಾಗಲ್ಲ ನಿಜ, ಆದ್ರೆ ಊರಿನ ಹತ್ತು ಕ್ಲಿನಿಕ್ ಸೇರಿ ವರ್ಷಕ್ಕೊಮ್ಮೆ ಒಬ್ಬ ಟೆಕ್ನಿಷಿಯನ್ ಕರೆಸಿ ಮಾಡಿಸಬಹುದು. ತರಕಾರಿ ಅಂಗಡಿ ತಕ್ಕಡಿಗೆ ಸೀಲ್ ಹಾಕಿಸಲೇಬೇಕು ಅಂತ ಕಾನೂನಿದೆ, ಮೈಮೇಲೆ ಇಡೋ ಮಷಿನ್‌ನೂ ಅಷ್ಟೇ ಕಟ್ಟುನಿಟ್ಟಾಗಿ ಅಳೆಸಬೇಕು ಅನ್ನೋದು ನನ್ನ ಬೇಡಿಕೆ. 2021ರಲ್ಲಿ ಕೇಂದ್ರ ಸರ್ಕಾರ ಫಿಸಿಯೋಥೆರಪಿ ಸೇರಿ ಈ ಥರದ ವೃತ್ತಿಗಳಿಗೆಲ್ಲ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿದೆ, ಚೀಟಿಯ ಒಂದು ಸಾಲು ಮತ್ತು ವರ್ಷಕ್ಕೊಂದು ಟೆಸ್ಟಿಂಗ್, ಇವೆರಡನ್ನ ಆ ವ್ಯವಸ್ಥೆಯ ಒಳಗೆ ನಿಯಮ ಅಂತ ಮಾಡಿದ್ರೆ ಯಾರಿಗೂ ಹೊರೆ ಆಗಲ್ಲ.

ಹಂಗಾದ್ರೆ ಸರಿಯಾಗಿ ಮಾಡಿದ್ರೆ ಫೋನೋಫೋರೆಸಿಸ್‌ನಿಂದ ಉಪಯೋಗ ಇದ್ಯಾ ಅಂತ ಕೇಳಬಹುದು. ನೇರವಾಗಿ ಹೇಳ್ತೀನಿ, ಪುರಾವೆ ಮಿಶ್ರ. ಕೆಲವು ಅಧ್ಯಯನಗಳಲ್ಲಿ ಔಷಧಿ ಸೇರಿಸಿದವರಿಗೆ ಹೆಚ್ಚು ಆರಾಮ ಸಿಕ್ಕಿದೆ, ಕೆಲವುದರಲ್ಲಿ ಏನೂ ವ್ಯತ್ಯಾಸ ಇಲ್ಲ. 1998ರಲ್ಲಿ ಅಮೆರಿಕದಲ್ಲಿ ಸ್ಟೀರಾಯ್ಡ್ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಕೊಟ್ಟವರನ್ನೂ ಬರೀ ಅಲ್ಟ್ರಾಸೌಂಡ್ ಕೊಟ್ಟವರನ್ನೂ ಹೋಲಿಸಿ ನೋಡಿದ್ರು, ಎರಡೂ ಗುಂಪಿನವರಿಗೆ ನೋವು ಕಮ್ಮಿ ಆಯ್ತು, ಔಷಧಿ ಸೇರಿಸಿದ್ರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ನನ್ನ ಹತ್ತಿರ ಬಂದವರಿಗೆ ನಾನು ಹೇಳೋದು, ಇದು ನೋವಿಗೆ ಒಂದು ಸಣ್ಣ ಸಹಾಯ, ನಿಜವಾದ ಕೆಲಸ ನೀವು ಮನೆಯಲ್ಲಿ ಮಾಡೋ ವ್ಯಾಯಾಮ. ಮಷಿನ್ ಕೆಳಗೆ ಮಲಗೋದು ಸುಲಭ, ಗೋಡೆಗೆ ಬೆರಳಿಟ್ಟು ಭುಜ ಮೇಲೆತ್ತೋದು ಕಷ್ಟ, ಎಲ್ಲರಿಗೂ ಮಷಿನ್ನೇ ಇಷ್ಟ. ನಮ್ಮವರೂ ಕೆಲವರು ಅದನ್ನೇ ಹಿಡ್ಕೊಂಡು ಹತ್ತು ಸಿಟ್ಟಿಂಗ್, ಹದಿನೈದು ಸಿಟ್ಟಿಂಗ್ ಅಂತ ಎಳೀತಾರೆ, ಅದು ತಪ್ಪು.

ಇನ್ನು ಇನ್ಸುಲಿನ್ ಸುದ್ದಿಗೆ ಬರ್ತೀನಿ, ಇದು ಸುಳ್ಳು ಸುದ್ದಿ ಅಲ್ಲ ಅನ್ನೋದನ್ನ ಮೊದಲೇ ಹೇಳಬೇಕು. 1990ರ ದಶಕದ ಶುರುವಿನಲ್ಲಿ ಜಪಾನ್‌ನ ತಾಚಿಬಾನ ಅನ್ನೋರು ಇಲಿ, ಮೊಲಗಳ ಚರ್ಮದ ಮೂಲಕ ಅಲ್ಟ್ರಾಸೌಂಡ್‌ನಿಂದ ಇನ್ಸುಲಿನ್ ಕಳಿಸಿ ಸಕ್ಕರೆ ಇಳಿಸಿದ್ರು. 1995ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಮೀರ್ ಮಿತ್ರಗೋತ್ರಿ, ಡ್ಯಾನಿಯಲ್ ಬ್ಲಾಂಕ್‌ಷ್ಟೈನ್, ರಾಬರ್ಟ್ ಲ್ಯಾಂಗರ್ ಈ ಮೂವರು ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದ್ರು, ಅದೇ ಈ ಕ್ಷೇತ್ರದ ದೊಡ್ಡ ತಿರುವು. ಮಿತ್ರಗೋತ್ರಿ ಮುಂಬೈನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದವರು, ಈಗ ಹಾರ್ವರ್ಡ್‌ನಲ್ಲಿ ಪ್ರೊಫೆಸರು. ಅವರು ಮಾಡಿದ್ದೇನು ಅಂದ್ರೆ ನಮ್ಮ ಮಷಿನ್ ಥರ ಮೆಗಾಹರ್ಟ್ಸ್ ಬಿಟ್ಟು 20 ಕಿಲೋಹರ್ಟ್ಸ್‌ಗೆ ಇಳಿದ್ರು, ಅಂದ್ರೆ ನಮ್ಮ 1 ಮೆಗಾಹರ್ಟ್ಸ್‌ಗಿಂತ ಐವತ್ತು ಪಟ್ಟು ಕಮ್ಮಿ. ಇನ್ಸುಲಿನ್, ಇಂಟರ್‌ಫೆರಾನ್, ಎರಿಥ್ರೋಪೊಯೆಟಿನ್ ಥರದ ದೊಡ್ಡ ದೊಡ್ಡ ಪ್ರೋಟೀನುಗಳನ್ನ ಮನುಷ್ಯರ ಚರ್ಮ ದಾಟಿಸಬಹುದು ಅಂತ ತೋರಿಸಿದ್ರು.

ಕಂಪನ ಕಮ್ಮಿ ಮಾಡಿದ್ರೆ ಯಾಕೆ ಹೆಚ್ಚು ಹೋಗುತ್ತೆ ಅಂತ ಕೇಳೋರು ಕಮ್ಮಿ, ಆದ್ರೆ ಇಡೀ ವಿಷಯದ ಜೀವಾಳ ಅದೇ. ಚರ್ಮದ ಮೇಲಿರೋ ದ್ರವದಲ್ಲಿ ಅಲ್ಟ್ರಾಸೌಂಡ್ ಹಾಯುವಾಗ ಸಣ್ಣ ಸಣ್ಣ ಗುಳ್ಳೆ ಹುಟ್ಟಿ ಊದಿ ಒಡೀತವೆ. ಕಂಪನ ನಿಧಾನ ಇದ್ರೆ ಗುಳ್ಳೆಗೆ ದೊಡ್ಡದಾಗೋಕೆ ಟೈಮ್ ಸಿಗುತ್ತೆ, ದೊಡ್ಡ ಗುಳ್ಳೆ ಚರ್ಮದ ಹತ್ತಿರ ಒಡೆದಾಗ ಜೋರಾಗಿ ಒಂದು ಸಣ್ಣ ಜೆಟ್ ಚರ್ಮದ ಕಡೆ ಚಿಮ್ಮುತ್ತೆ, ಆಗ ಆ ಮೇಲ್ಪದರದ ಕೊಬ್ಬಿನ ಜೋಡಣೆ ಅಲ್ಲಲ್ಲಿ ಸಡಿಲ ಆಗುತ್ತೆ, ಔಷಧಿ ಅಲ್ಲಿಂದ ನುಗ್ಗುತ್ತೆ, ಸ್ವಲ್ಪ ಹೊತ್ತಾದ ಮೇಲೆ ಚರ್ಮ ಮತ್ತೆ ಮುಚ್ಕೊಳ್ಳುತ್ತೆ. ಮೆಗಾಹರ್ಟ್ಸ್‌ನಲ್ಲಿ ಗುಳ್ಳೆ ದೊಡ್ಡದಾಗೋ ಮೊದಲೇ ಕುಗ್ಗಿಬಿಡುತ್ತೆ. ಅದಕ್ಕೇ ನಮ್ಮ ಕ್ಲಿನಿಕ್ ಮಷಿನ್‌ನಲ್ಲಿ ಇನ್ಸುಲಿನ್ ಕಳಿಸೋಕೆ ಸಾಧ್ಯ ಇಲ್ಲ, ಎಷ್ಟು ಹೊತ್ತು ತಿಕ್ಕಿದ್ರೂ ಇಲ್ಲ.

ನಮ್ಮಲ್ಲಿಗೆ ಬರೋ ಒಬ್ಬ ರಿಟೈರ್ಡ್ ಮೇಷ್ಟ್ರು, ಶುಗರ್ ಇದೆ, ದಿನಾ ಎರಡು ಹೊತ್ತು ಚುಚ್ಕೊಳ್ತಾರೆ, ಅವರು ಒಂದು ದಿನ ಇನ್ಸುಲಿನ್ ಬಾಟ್ಲಿ ಜೇಬಲ್ಲಿಟ್ಕೊಂಡೇ ಬಂದಿದ್ರು, ಹೆಂಗೂ ಮಂಡಿಗೆ ಕೊಡ್ತೀಯಲ್ಲಪ್ಪಾ, ಇದನ್ನೂ ಎರಡು ಹನಿ ಹಾಕಿಬಿಡು, ಹೊಟ್ಟೆ ಎಲ್ಲ ತೂತು ಬಿದ್ದಿದೆ ಅಂದ್ರು. ಆ ಮನುಷ್ಯನ ದಣಿವು ಅರ್ಥ ಆಗುತ್ತೆ. ಅವರಿಗೆ ಇದೆಲ್ಲ ಕೂತು ವಿವರಿಸಿದೆ, ಕೇಳಿ ಆಮೇಲೆ ಮತ್ತೆ ಯಾವಾಗ ಬರುತ್ತಪ್ಪಾ ಅಂದ್ರು. ಸುದ್ದಿ ಬರೆಯೋರು ಈ ಪ್ರಶ್ನೆ ತಲೆಯಲ್ಲಿಟ್ಕೊಂಡು ಬರೀಬೇಕು ಅನ್ನೋದು ನನ್ನ ಆಸೆ.

ಯಾವಾಗ ಬರುತ್ತೆ ಅಂತ ಹೇಳೋಕೆ ಮೊದಲು ಯಾಕೆ ಇನ್ನೂ ಬಂದಿಲ್ಲ ಅಂತ ಗೊತ್ತಿರಬೇಕು. ಬಣ್ಣದ ನೀರು ಹಾಕಿ ಪರೀಕ್ಷೆ ಮಾಡಿದ್ರೆ ಅಲ್ಟ್ರಾಸೌಂಡ್ ಕೊಟ್ಟ ಜಾಗದಲ್ಲಿ ಬಣ್ಣ ಒಂದೇ ಸಮ ಇಳಿಯಲ್ಲ, ಅಲ್ಲೊಂದು ಇಲ್ಲೊಂದು ಚುಕ್ಕಿ ಚುಕ್ಕಿಯಾಗಿ ಇಳಿಯುತ್ತೆ. ಒಂದು ದಿನ ಹೆಚ್ಚು ಚುಕ್ಕಿ, ಒಂದು ದಿನ ಕಮ್ಮಿ, ಒಬ್ಬರ ಚರ್ಮ ಒಂಥರ, ಇನ್ನೊಬ್ಬರದ್ದು ಇನ್ನೊಂಥರ. ನೋವಿನ ಔಷಧಿಗೆ ಇದು ನಡೆಯುತ್ತೆ, ಇನ್ಸುಲಿನ್‌ಗೆ ನಡೆಯಲ್ಲ, ಎರಡು ಯೂನಿಟ್ ಹೆಚ್ಚಾದ್ರೆ ಸಕ್ಕರೆ ಇಳಿದು ಬೆವರಿ ಬೀಳ್ತಾರೆ, ರಾತ್ರಿ ನಿದ್ದೆಯಲ್ಲಾದ್ರೆ ಜೀವಕ್ಕೇ ಅಪಾಯ. 2012ರಲ್ಲಿ ಎಂಐಟಿಯವರೇ 20 ಕಿಲೋಹರ್ಟ್ಸ್ ಜೊತೆ 1 ಮೆಗಾಹರ್ಟ್ಸ್ ಕೂಡ ಒಟ್ಟಿಗೆ ಕೊಟ್ಟು ಈ ಚುಕ್ಕಿಗಳನ್ನ ಹೆಚ್ಚು ಜಾಗಕ್ಕೆ ಹರಡಬಹುದು ಅಂತ ತೋರಿಸಿದ್ರು, ಒಳ್ಳೇ ಹೆಜ್ಜೆ, ಆದ್ರೆ ಅದೂ ಲ್ಯಾಬಿನ ಮಾತು.

ಮನುಷ್ಯರ ಮೇಲೆ ಬಳಕೆಗೆ ನಿಜವಾಗ್ಲೂ ಬಂದ ಮಷಿನ್ ಒಂದಿತ್ತು, ಸೋನೋಪ್ರೆಪ್ ಅಂತ. 55 ಕಿಲೋಹರ್ಟ್ಸ್‌ದು, 2004ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡ್ತು. ಯಾವ ಔಷಧಿಗೆ ಅಂದ್ರೆ ಇನ್ಸುಲಿನ್‌ಗೆ ಅಲ್ಲ, ಮರಗಟ್ಟಿಸೋ ಲಿಡೋಕೇನ್‌ಗೆ. ಡ್ರಿಪ್ ಹಾಕೋಕೆ ಮೊದಲು ಚರ್ಮ ಮರಗಟ್ಟಿಸೋ ಕ್ರೀಮ್ ಹಚ್ಚಿದ್ರೆ ಮಾಮೂಲಾಗಿ ಒಂದು ಗಂಟೆ ಕಾಯಬೇಕು, ಈ ಮಷಿನ್ ಕೆಲವೇ ಸೆಕೆಂಡು ಇಟ್ಟು ಆಮೇಲೆ ಲಿಡೋಕೇನ್ ಹಚ್ಚಿದ್ರೆ ಐದು ನಿಮಿಷಕ್ಕೇ ಕೆಲಸ ಆಗ್ತಿತ್ತು. ಸೂಜಿ ಕಂಡ್ರೆ ಕಿರುಚೋ ಮಕ್ಕಳನ್ನ ಹಿಡ್ಕೊಂಡು ಕೂತ ತಾಯಂದಿರಿಗೆ ಇದೆಷ್ಟು ದೊಡ್ಡ ವಿಷಯ ಅಂತ ಮಕ್ಕಳ ವಾರ್ಡ್ ನೋಡಿದವರಿಗೆ ಗೊತ್ತು, ಆದ್ರೂ ಆ ಮಷಿನ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಈಚಿನದ್ದು ಅಂದ್ರೆ 2023ರಲ್ಲಿ ಎಂಐಟಿಯ ಜಾನಾನ್ ದಾದೆವಿರೆನ್ ಅವರ ತಂಡ ಮೈಗೆ ಅಂಟಿಸ್ಕೊಳ್ಳೋ ಮೆತ್ತನೆ ಅಲ್ಟ್ರಾಸೌಂಡ್ ಪ್ಯಾಚ್ ಮಾಡಿದ್ರು, ಹತ್ತು ನಿಮಿಷ ಅಲ್ಟ್ರಾಸೌಂಡ್ ಕೊಟ್ರೆ ನಿಯಾಸಿನಮೈಡ್ ಅನ್ನೋ ಬಿ ವಿಟಮಿನ್ನು ಅಲ್ಟ್ರಾಸೌಂಡ್ ಇಲ್ಲದಾಗಿಗಿಂತ 26 ಪಟ್ಟು ಹೆಚ್ಚು ಒಳಗೆ ಹೋಯ್ತು. 26 ಪಟ್ಟು ಅನ್ನೋದು ಹೆಡ್‌ಲೈನ್‌ಗೆ ಚೆನ್ನಾಗಿ ಕೂರುತ್ತೆ, ಆದ್ರೆ ಅದು ಹಂದಿಯ ಚರ್ಮದ ಮೇಲೆ ಮಾಡಿದ್ದು, ನಿಯಾಸಿನಮೈಡ್ ಅಣು ಬರೀ 122 ಡಾಲ್ಟನ್, ಇನ್ಸುಲಿನ್ನಿನ ನಲವತ್ತೇಳನೇ ಒಂದು ಭಾಗ. ಆ ಎರಡು ಮಾತು ಸುದ್ದಿಯಲ್ಲಿ ಇಲ್ಲದಿದ್ರೆ ಓದುಗ ತನ್ನ ಇನ್ಸುಲಿನ್ ಬಗ್ಗೆನೇ ಅಂದ್ಕೊಳ್ತಾನೆ.

ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ, ಅಲ್ಟ್ರಾಸೌಂಡ್ ಅಲ್ಲ, ಶಾಕ್ ವೇವ್. ಪ್ರೊಫೆಸರ್ ಜಗದೀಶ್ ಮತ್ತು ಪ್ರೊಫೆಸರ್ ದೀಪಶಿಖಾ ಚಕ್ರವರ್ತಿ ಅವರ ತಂಡ ಪುಟ್ಟ ಆಘಾತ ತರಂಗದಿಂದ ಸೂಜಿ ಇಲ್ಲದೆ ಇಲಿಗಳಿಗೆ ಸಾಲ್ಮೊನೆಲ್ಲಾ ಲಸಿಕೆ ಕೊಟ್ಟು 2011ರಲ್ಲಿ ಪ್ರಕಟ ಮಾಡಿದ್ರು. ಇಂಥದ್ದನ್ನ ಕನ್ನಡದಲ್ಲಿ ವಿವರವಾಗಿ ಬರೆದ್ರೆ ನಮ್ಮ ಹೈಸ್ಕೂಲ್ ಮಕ್ಕಳೂ ಓದ್ತಾರೆ.

ಇನ್ನೊಂದು ವಿಷಯ ಹೇಳದೆ ಮುಗಿಸೋಕಾಗಲ್ಲ. ಈಗ ಬ್ಯೂಟಿ ಪಾರ್ಲರ್‌ಗಳಲ್ಲಿ ಅಲ್ಟ್ರಾಸೋನಿಕ್ ಫೇಶಿಯಲ್ ಅಂತ ಸೀರಮ್ ಹಚ್ಚಿ ಮುಖದ ಮೇಲೆ ಅಲ್ಟ್ರಾಸೌಂಡ್ ಆಡಿಸ್ತಾರೆ, ಆನ್‌ಲೈನ್‌ನಲ್ಲಿ ಮನೆಗೇ ತರಿಸ್ಕೊಳ್ಳೋ ಸಣ್ಣ ಮಷಿನ್ ಸಿಗ್ತವೆ, ನೋವಿಗೆ ಅಂತಾನೂ ಮಾರ್ತಾರೆ. ಕಣ್ಣಿನ ಮೇಲೆ ಅಲ್ಟ್ರಾಸೌಂಡ್ ಇಡಬಾರದು. ಬಸುರಿಯರ ಹೊಟ್ಟೆ, ಸೊಂಟದ ಮೇಲೆ ಈ ಚಿಕಿತ್ಸೆಯ ಅಲ್ಟ್ರಾಸೌಂಡ್ ಇಡಬಾರದು. ಕ್ಯಾನ್ಸರ್ ಗಡ್ಡೆ ಇರೋ ಜಾಗ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರೋರು, ಎದೆಗೆ ಪೇಸ್‌ಮೇಕರ್ ಹಾಕಿಸ್ಕೊಂಡವರ ಎದೆಯ ಭಾಗ, ಬೆಳೆಯೋ ಮಕ್ಕಳ ಮೂಳೆಯ ತುದಿ, ಕೀವು ಆಗಿರೋ ಗಾಯ, ಇಲ್ಲೆಲ್ಲ ಬೇಡ. ಶುಗರ್ ಇರೋರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು, ಪಾದ ಜೋಮು ಹಿಡಿದು ಸ್ಪರ್ಶ ಗೊತ್ತಾಗದೆ ಇರೋರಿಗೆ ಹೆಡ್ ಬಿಸಿ ಆದ್ರೂ ಗೊತ್ತಾಗಲ್ಲ, ಚರ್ಮ ಸುಟ್ಟ ಮೇಲೇ ಕಾಣೋದು, ಆ ಗಾಯ ಬೇಗ ಮಾಯಲ್ಲ. ಹಿಮ್ಮಡಿ ನೋವು ಅಂತ ಬರೋ ಶುಗರ್ ಪೇಷಂಟ್‌ಗಳ ಪಾದ ಮುಟ್ಟಿ, ಚುಚ್ಚಿ, ಬಿಸಿ ತಣ್ಣಗೆ ಗೊತ್ತಾಗುತ್ತಾ ಅಂತ ನೋಡದೆ ಮಷಿನ್ ಆನ್ ಮಾಡಬಾರದು. ಕೊಡುವಾಗ ಬಿಸಿ ಚುರ್ ಅಂದ್ರೆ, ಮೂಳೆಯಲ್ಲಿ ಕೊರೆದ ಹಾಗಾದ್ರೆ ಸಂಕೋಚ ಪಡದೆ ತಕ್ಷಣ ಹೇಳಿ, ಸಹಿಸ್ಕೊಂಡಷ್ಟು ಗುಣ ಜಾಸ್ತಿ ಅನ್ನೋ ನಂಬಿಕೆ ತಪ್ಪು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಮುಂದಿನ ಸಲ ಸೂಜಿಯಿಲ್ಲದ ಔಷಧಿ ಅಂತ ಏಜೆನ್ಸಿಯಿಂದ ಸುದ್ದಿ ಬಂದಾಗ ಅದು ಯಾವ ಔಷಧಿ, ಇಲಿಯ ಮೇಲೋ ಹಂದಿ ಚರ್ಮದ ಮೇಲೋ ಮನುಷ್ಯರ ಮೇಲೋ, ಯಾವ ಕಂಪನದ ಅಲ್ಟ್ರಾಸೌಂಡ್, ಅಂಗಡಿಯಲ್ಲಿ ಸಿಗುತ್ತೋ ಇಲ್ಲವೋ, ಇಷ್ಟನ್ನ ಮೊದಲ ಪ್ಯಾರಾದಲ್ಲೇ ಹಾಕಿ, ಕೆಳಗೆ ದಪ್ಪಕ್ಷರದಲ್ಲಿ ಡಾಕ್ಟ್ರನ್ನ ಕೇಳದೆ ಇನ್ಸುಲಿನ್ ನಿಲ್ಲಿಸಬೇಡಿ ಅಂತ ಒಂದು ಸಾಲು ಸೇರಿಸಿ. ಎರಡನೇದು, ನಿಮ್ಮ ಆರೋಗ್ಯ ಪುಟದಲ್ಲಿ ಒಂದು ವಾರ ಈ ಅಲ್ಟ್ರಾಸೌಂಡ್ ಚಿಕಿತ್ಸೆಗೇ ಜಾಗ ಕೊಟ್ಟು, ಕ್ಲಿನಿಕ್‌ಗೆ ಹೋದವರು ಏನು ಹಚ್ತಿದ್ದೀರಿ, ಚೀಟಿಯಲ್ಲಿ ಬರೆದುಕೊಡಿ, ಮಷಿನ್ ಯಾವಾಗ ಟೆಸ್ಟ್ ಮಾಡಿಸಿದ್ರಿ ಅಂತ ಕೇಳಬಹುದು, ಕೇಳೋ ಹಕ್ಕು ಇದೆ ಅಂತ ಜನಕ್ಕೆ ತಿಳಿಸಿ. ನಮ್ಮ ವೃತ್ತಿಯವರಲ್ಲಿ ಕೆಲವರಿಗೆ ಈ ಪತ್ರ ಓದಿ ಬೇಜಾರಾಗಬಹುದು, ಅವರು ನಿಮಗೆ ಉತ್ತರ ಬರೆದ್ರೆ ಅದನ್ನೂ ಪೂರ್ತಿ ಹಾಕಿ, ನಾನು ಓದಿ ಉತ್ತರ ಕೊಡ್ತೀನಿ.

ಇಂತಿ ನಿಮ್ಮ ಓದುಗ,
ಒಬ್ಬ ಫಿಸಿಯೋಥೆರಪಿಸ್ಟ್, ದಾವಣಗೆರೆ